ಗಡ್ಡದತ್ತೆಯ ನೆಲಮಾಳಿಗೆ

ನಮ್ಮಪ್ಪನ ಅಕ್ಕನನ್ನು ಬೀದಿಯ ಮಕ್ಕಳೆಲ್ಲ ಗಡ್ಡದತ್ತೆ ಅಂತಲೇ ಕರೆಯುತ್ತಿದ್ದರು. ನೀಟಾಗಿ ಬೈತಲೆ ತೆಗೆದು ತುರುಬು ಕಟ್ಟುತ್ತಿದ್ದ ಹೆಂಗಸಿಗೆ ಇದೆಂಥ ಹೆಸರು ಅಂತ ಹೊಸಬರು ಕೇಳಿದರೆ, ನಾವು ಅವರನ್ನು ಕೈಹಿಡಿದು ನೆಲಮಾಳಿಗೆಯ ಮೆಟ್ಟಿಲ ತನಕ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆವು. ಅಲ್ಲಿ, ಬಾಗಿಲಿಗೆ ಎದುರಾಗಿ, ಹಗ್ಗದ ಮೇಲೆ ಸಾಲಾಗಿ ಗಡ್ಡಗಳು ನೇತಾಡುತ್ತಿದ್ದವು. ಮುದುಕನ ಬಿಳಿ ಗಡ್ಡ, ದರೋಡೆಕೋರನ ಕರಿ ಗಡ್ಡ, ಮಂತ್ರಿಯ ಚೂಪು ಗಡ್ಡ. ಮೊದಲ ಸಲ ನೋಡಿದವರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅತ್ತೆ ಒಳಗಿನಿಂದಲೇ, "ಬನ್ನಿ ಬನ್ನಿ, ಕಚ್ಚಲ್ಲ. ಗಡ್ಡದ ಹಿಂದೆ ಬಾಯಿಲ್ಲ" ಅನ್ನುತ್ತಿದ್ದಳು.

ಅತ್ತೆ ಟೇಲರ್. ಬೀದಿಯ ತುದಿಯಲ್ಲಿ ಆಗ ನಾಟಕದ ಥಿಯೇಟರೊಂದಿತ್ತು. ಚಿಕ್ಕ ವಯಸ್ಸಿಗೇ ಅಲ್ಲಿ ವೇಷದ ಬಟ್ಟೆ ಹೊಲಿಯಲು ಸೇರಿದವಳು, ತಲೆ ನರೆಯುವ ತನಕ ಅಲ್ಲೇ ಇದ್ದಳು. ಮದುವೆ ಆಗಲಿಲ್ಲ. ಯಾಕೆ ಅಂತ ಯಾರಾದರೂ ಕೇಳಿದರೆ, "ದಿನಾ ಸಂಜೆ ರಾಜ, ಸೇನಾಪತಿ, ಕಳ್ಳ ಎಲ್ಲರ ಸೊಂಟದ ಅಳತೆ ತಗೊಂಡವಳು ನಾನು. ಗಂಡಸರ ಬಗ್ಗೆ ಇನ್ನೇನು ತಿಳ್ಕೋಬೇಕಿತ್ತು?" ಅಂತ ನಗಿಸಿ ಮಾತು ಮರೆಸುತ್ತಿದ್ದಳು. ಅಪ್ಪನಿಗೆ ಮಾತ್ರ ಈ ಉತ್ತರ ಹಿಡಿಸುತ್ತಿರಲಿಲ್ಲ. ಅಕ್ಕನ ಮದುವೆಯ ಮಾತು ಬಂದರೆ ಅವನು ಪೇಪರು ಮುಖಕ್ಕೆ ಅಡ್ಡ ಹಿಡಿದುಬಿಡುತ್ತಿದ್ದ.

ಜನ ಬರುವುದು ಕಡಿಮೆಯಾಗಿ ಕೊನೆಗೆ ಥಿಯೇಟರ್ ಮುಚ್ಚಿತು. ಮಾಲೀಕ ಕುರ್ಚಿ, ಪರದೆ, ದೀಪ ಎಲ್ಲ ಮಾರಿದ. ವೇಷದ ಬಟ್ಟೆಗಳನ್ನು ಕೇಳುವವರಿರಲಿಲ್ಲ. ಹಳೇ ಬಟ್ಟೆಯವನನ್ನು ಕರೆಸುತ್ತೇನೆ ಅಂತ ಅವನು ಹೇಳಿದ ದಿನ ಅತ್ತೆ ಊಟ ಬಿಟ್ಟಳು. ಮಾರನೆಯ ಬೆಳಿಗ್ಗೆ ತಳ್ಳುಗಾಡಿ ಗೊತ್ತುಮಾಡಿಕೊಂಡು ಹೋಗಿ, "ಹೊಲಿದವಳು ನಾನು, ತಗೊಂಡು ಹೋಗೋಳೂ ನಾನೇ" ಅಂದಳಂತೆ. ಮಾಲೀಕ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅಂದು ಮಧ್ಯಾಹ್ನವೆಲ್ಲ ನಮ್ಮ ಬೀದಿಯಲ್ಲಿ ಮೆರವಣಿಗೆಯೇ ನಡೆಯಿತು. ಮಖಮಲ್ಲಿನ ನಿಲುವಂಗಿ, ಸೈನಿಕರ ಕೋಟು, ನ್ಯಾಯಾಧೀಶರ ಕರಿ ಗೌನು, ಬೆತ್ತದ ಚೌಕಟ್ಟಿಗೆ ಕಟ್ಟಿದ ಅಪ್ಸರೆಯರ ರೆಕ್ಕೆ, ಎಲ್ಲ ಗಾಡಿಯ ಮೇಲೆ ಗುಡ್ಡೆಯಾಗಿ ಬಂದವು. ಅಮ್ಮ ಮಹಡಿಯ ಮೇಲೆ ನಿಂತು ತಲೆಯ ಮೇಲೆ ಕೈ ಹೊತ್ತಳು. "ನಮಗೇ ಕಾಲು ಚಾಚೋಕೆ ಜಾಗ ಇಲ್ಲ, ಈ ಸೈನ್ಯನ ಎಲ್ಲಿ ಮಲಗಿಸ್ತೀರಿ ಅತ್ತಿಗೆ?"

ಅತ್ತೆ ಅದನ್ನು ಮೊದಲೇ ಯೋಚಿಸಿದ್ದಳು. ನಾವಿದ್ದ ಕಟ್ಟಡದ ಕೆಳಗೆ ಒಂದು ನೆಲಮಾಳಿಗೆಯಿತ್ತು, ಯಾರೂ ಬಳಸುತ್ತಿರಲಿಲ್ಲ. ಓನರಮ್ಮ ಅದನ್ನು ಬಿಟ್ಟುಕೊಡಲು ಒಪ್ಪಿದರು. ಷರತ್ತು ಒಂದೇ: ಕೆಳಗೆ ಕರೆಂಟು ಕೇಳಬಾರದು. ಹಿಂದೆ ಯಾವಾಗಲೋ ಅಲ್ಲಿ ನಲ್ಲಿ ಪೈಪು ಒಡೆದು ಸ್ವಿಚ್ ಬೋರ್ಡಿಗೆ ನೀರು ಸಿಡಿದು, ದೀಪ ಹಾಕಲು ಹೋದ ಅವರ ಗಂಡ ಹೊಡೆತ ತಿಂದು ಗೋಡೆಗೆ ಬಿದ್ದಿದ್ದರಂತೆ. ಜೀವಕ್ಕೇನೂ ಆಗಲಿಲ್ಲ. ಓನರಮ್ಮ ಮಾತ್ರ ಅವತ್ತೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ಕೆಳಗಿನ ವೈರನ್ನೆಲ್ಲ ಕೀಳಿಸಿಹಾಕಿದ್ದರು. "ನಾನಿರೋ ತನಕ ಆ ಗುಂಡಿಗೆ ಕರೆಂಟು ಇಳಿಯಲ್ಲ" ಅನ್ನುವುದು ಅವರ ಮಾತು. ಫ್ಯಾನಿಲ್ಲ, ಬಲ್ಬಿಲ್ಲ. ಬೀದಿಯ ಕಡೆ ಒಂದು, ಹಿತ್ತಲ ಕಡೆ ಒಂದು, ಛಾವಣಿಗೆ ಅಂಟಿಕೊಂಡ ಹಾಗೆ ಎರಡು ಪುಟ್ಟ ಕಿಟಕಿಗಳು, ಬರುವ ಬೆಳಕು ಅಷ್ಟೇ. ಬೀದಿ ಕಡೆಯದರಲ್ಲಿ ಓಡಾಡುವವರ ಪಾದಗಳು ಮಾತ್ರ ಕಾಣುತ್ತಿದ್ದವು. ಅತ್ತೆ ಚಪ್ಪಲಿ ನೋಡಿಯೇ ಜನರ ಗುರುತು ಹಿಡಿದು, "ಏನು ಮೇಷ್ಟ್ರೇ, ಹಿಮ್ಮಡಿ ಸವೆದಿದೆಯಲ್ಲ" ಅಂತ ನೆಲದಡಿಯಿಂದ ಮಾತಾಡಿಸುತ್ತಿದ್ದಳು.

ಹೀಗೆ ಶುರುವಾಯಿತು ಅವಳ ವೇಷದ ಅಂಗಡಿ. ಶಾಲೆಯವರು, ಕ್ಲಬ್ಬಿನವರು, ಹವ್ಯಾಸಕ್ಕೆ ನಾಟಕ ಆಡುವವರು ಬಂದು ಬಾಡಿಗೆಗೆ ಒಯ್ಯುತ್ತಿದ್ದರು. ನಾನು ಬೆಳೆದದ್ದೇ ಆ ಬಟ್ಟೆಗಳ ನಡುವೆ. ಕಣ್ಣು ಮುಚ್ಚಿದರೆ ಇವತ್ತಿಗೂ ಆ ಕೋಣೆಯ ಬಿಸುಪು ಮೈಗೆ ತಾಗುತ್ತದೆ, ಜೊತೆಗೇ ಬ್ರೆಡ್ಡಿನ ಪರಿಮಳ.

ಆ ಪರಿಮಳ ಪಕ್ಕದ ಬೇಕರಿಯದು. ಬೇಕರಿಯ ಒಲೆಮನೆಯೂ ನೆಲಮಟ್ಟಕ್ಕಿಂತ ತಗ್ಗಿನಲ್ಲಿತ್ತು. ಅದಕ್ಕೂ ನಮ್ಮ ನೆಲಮಾಳಿಗೆಗೂ ನಡುವೆ ಒಂದೇ ಗೋಡೆ. ಸೌದೆಯ ದೊಡ್ಡ ಒಲೆ ಆ ಗೋಡೆಗೆ ಬೆನ್ನು ಕೊಟ್ಟು ಕೂತಿತ್ತು. ಚಳಿಗಾಲದಲ್ಲಿ ನಾವು ಮಕ್ಕಳು ಆ ಗೋಡೆಗೆ ಒರಗಿ ಕೂತು ಪಾಠ ಓದುತ್ತಿದ್ದೆವು. ಬೇಕರಿಯವರು ಎತ್ತರದ ಆಳು, ಮಾತು ಕಡಿಮೆ, ಹುಬ್ಬಿನ ಮೇಲೆ ಯಾವಾಗಲೂ ಹಿಟ್ಟು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬೇಕರಿಯ ಮೇಲಿನ ಎರಡು ಕೋಣೆಯಲ್ಲಿ ಒಬ್ಬರೇ ಇದ್ದರು. ಅತ್ತೆಗೂ ಅವರಿಗೂ ಇದ್ದದ್ದು ಬನ್ನು ಕೊಂಡು ಚಿಲ್ಲರೆ ಪಡೆಯುವಷ್ಟು ಪರಿಚಯ.

ನಾನು ಓದು ಮುಗಿಸಿ ಟೈಪಿಂಗ್ ಕೆಲಸಕ್ಕೆ ಸೇರಿದ ವರ್ಷ ಬೇಕರಿಯವರ ಭುಜ ಕೈಕೊಟ್ಟಿತು. ಹಿಟ್ಟು ನಾದಲು ಆಗದೆ, ಬದಲಿಗೆ ನಂಬಿಕಸ್ತ ಕೆಲಸದವರೂ ಸಿಗದೆ, ಅವರು ಅಂಗಡಿ ಮುಚ್ಚಿದರು. ಒಲೆ ಆರಿತು. ಬೆಳಿಗ್ಗೆ ಎದ್ದು ಬ್ರೆಡ್ಡಿನ ವಾಸನೆಯಿಲ್ಲದ ಬೀದಿಗೆ ನಾವೆಲ್ಲ ಒಗ್ಗಿಕೊಳ್ಳುವುದೇ ಕಷ್ಟವಾಯಿತು. ಅದರಾಚೆಗೆ ಇನ್ನೇನಾದರೂ ಕಳೆದುಕೊಂಡಿದ್ದೇವೆ ಅನ್ನುವುದು ಆಗ ಯಾರಿಗೂ ಹೊಳೆಯಲಿಲ್ಲ.

ಮೊದಲು ಗೊತ್ತಾದದ್ದು ಗಡ್ಡಗಳಿಗೆ. ಅವು ನಿಜವಾದ ಕೂದಲಿನವು. ಅತ್ತೆ ಬಿಸಿ ಇಸ್ತ್ರಿಯಲ್ಲಿ ಎಳೆಎಳೆಯಾಗಿ ನೇರ ಮಾಡಿ ನೇತುಹಾಕಿರುತ್ತಿದ್ದಳು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಮುದುಕನ ಬಿಳಿ ಗಡ್ಡ ಕುರಿಮರಿಯ ಹಾಗೆ ಗುಂಗುರು ಗುಂಗುರಾಗಿತ್ತು. "ಇದಕ್ಕೇನು ಬಂತು ವಯ್ಯಾರ?" ಅಂದುಕೊಂಡು ಮತ್ತೆ ಇಸ್ತ್ರಿ ಮಾಡಿದಳು. ಎರಡೇ ದಿನದಲ್ಲಿ ಅದು ಪುನಃ ಸುರುಳಿ. ಆಮೇಲೆ ಒದ್ದೆ ಕಾಲುಚೀಲದ ಥರದ ನಾತ ಶುರುವಾಯಿತು. ಸೈನಿಕರ ಚರ್ಮದ ಬೆಲ್ಟುಗಳ ಮೇಲೆ ಹಸಿರು ಬೂಷ್ಟು ಬಂತು. ಕರಿ ಗೌನುಗಳ ಭುಜದ ಮೇಲೆ ಬಿಳಿ ಪುಡಿ ಉದುರಿಸಿದ ಹಾಗೆ ಕಾಣಿಸಿತು. ಒಲೆಯ ಕಡೆಯ ಗೋಡೆ, ನಾವು ಬೆನ್ನು ಕಾಯಿಸಿಕೊಂಡಿದ್ದ ಗೋಡೆ, ಮುಟ್ಟಿದರೆ ಅಂಗೈ ಒದ್ದೆಯಾಗುತ್ತಿತ್ತು.

ಅಪ್ಪ ಇಳಿದು ಬಂದು ನೋಡಿದ. "ಗಾಳಿ ಇಲ್ಲ ಅಕ್ಕ, ಅದೇ ತೊಂದರೆ. ಕಿಟಕಿ ಬಾಗಿಲು ಎಲ್ಲ ತೆಗೆದಿಡು, ಗಾಳಿ ಆಡ್ಲಿ" ಅಂದ. ಸರಿಯಾದ ಮಾತೇ ಅನ್ನಿಸಿತು. ಮಳೆಗಾಲ ಇನ್ನೇನು ಬರಬೇಕು, ಹೊರಗೆ ಬೆವರು ಕಿತ್ತುಕೊಂಡು ಬರುವ ಸೆಕೆ. ಅತ್ತೆ ಬೆಳಿಗ್ಗೆಯಿಂದ ಸಂಜೆವರೆಗೂ ಎಲ್ಲ ತೆರೆದಿಟ್ಟಳು. ವಾರ ಕಳೆಯುವುದರಲ್ಲಿ ಗೋಡೆಯ ಮೇಲೆ ನೀರು ಹನಿಹನಿಯಾಗಿ ಇಳಿಯತೊಡಗಿತು. ಒಣಗಿಸಲು ಹೋಗಿ ತೋಯಿಸಿದಂತಾಯಿತು.

ಅಪ್ಪ ಸೋಲೊಪ್ಪುವವನಲ್ಲ. ಆಯಿಲ್ ಪೇಂಟ್ ಡಬ್ಬ ತಂದು, ರಜೆಯ ದಿನವೆಲ್ಲ ಕೂತು, ಗೋಡೆಗೆ ತಿಳಿ ಹಸಿರು ಬಳಿದ. "ಇನ್ನು ಒಂದು ತೊಟ್ಟು ಒಳಗೆ ಬರಲಿ ನೋಡೋಣ" ಅಂತ ಮೀಸೆ ತಿರುವಿದ. ಕೆಲವೇ ದಿನಕ್ಕೆ ಪೇಂಟು ಹಪ್ಪಳದ ಹಾಗೆ ಉಬ್ಬಿತು. ಬೆರಳಲ್ಲಿ ಒತ್ತಿದರೆ ಒಳಗಿನಿಂದ ನೀರು ಪಿಚಕ್ಕೆಂದು ಚಿಮ್ಮುತ್ತಿತ್ತು.

"ಗೋಡೆಗೆ ಬಣ್ಣ ಬಳಿದೆಯೋ, ರೇನ್ ಕೋಟ್ ತೊಡಿಸಿದೆಯೋ?" ಅಂದಳು ಅತ್ತೆ.

"ಅಕ್ಕಾ, ಸಾಕಿನ್ನು. ಇವನ್ನ ಯಾರಿಗಾದ್ರೂ ಕೊಟ್ಟುಬಿಡು. ಥಿಯೇಟರೇ ಹೋಯ್ತು, ಈ ಬಟ್ಟೆ ಕಟ್ಕೊಂಡು ಏನ್ ಮಾಡ್ತೀಯ?"

"ನೀನು ಹೋಗಿ ಮೇಲೆ ಕೂತ್ಕೋ."

"ನಿನ್ನ ಒಳ್ಳೇದಕ್ಕೇ ಹೇಳಿದ್ದು."

"ಹೋಗು ಅಂದೆ."

ಅಪ್ಪ ಮುಖ ಊದಿಸಿಕೊಂಡು ಮೇಲೆ ಹೋದ. ಅಕ್ಕ ತಮ್ಮ ಅಷ್ಟು ದಿನ ಮಾತು ಬಿಟ್ಟದ್ದನ್ನು ನಾನು ಮೊದಲು ಕಂಡಿರಲಿಲ್ಲ. "ಉಪ್ಪು ಕೇಳು ನಿಮ್ಮಪ್ಪನ್ನ", "ಉಪ್ಪು ಕೊಡು ನಿಮ್ಮತ್ತೆಗೆ" ಅಂತ ಊಟದ ಹೊತ್ತಿಗೆ ನನ್ನ ಮೂಲಕವೇ ಮಾತು ಓಡಾಡುತ್ತಿತ್ತು.

ಆ ಬಟ್ಟೆಗಳಲ್ಲಿ ಒಂದು ನೀಲಿ ಮಖಮಲ್ಲಿನ ಗೌನಿತ್ತು. ಅತ್ತೆ ಮೊಟ್ಟಮೊದಲು ತಾನೇ ಅಳತೆ ತೆಗೆದು, ತಾನೇ ಕತ್ತರಿಸಿ, ರಾಣಿಯ ಪಾತ್ರದವಳಿಗೆ ಹೊಲಿದದ್ದು ಅದು. ಅದಕ್ಕೂ ಮುಂಚೆ ಅವಳ ಕೆಲಸ ಗುಂಡಿ ಹಾಕುವುದು, ಅಂಚು ಮಡಿಸುವುದು ಅಷ್ಟೇ ಆಗಿತ್ತು. ಮೊದಲ ಪ್ರದರ್ಶನದ ದಿನ ಪರದೆ ಸರಿದು ಆ ಗೌನು ಬೆಳಕಿಗೆ ಬಂದಾಗ ಜನ ಹೋ ಅಂದದ್ದನ್ನು ಅವಳು ವೇದಿಕೆಯ ಪಕ್ಕದ ಮರೆಯಲ್ಲಿ ನಿಂತು ಕೇಳಿದ್ದಳಂತೆ. ಅದನ್ನು ಬಾಡಿಗೆಗೆ ಕೊಡುತ್ತಿರಲಿಲ್ಲ. ಒಂದು ಸಂಜೆ ನಾನು ಕೆಲಸದಿಂದ ಬರುವಾಗ ಅತ್ತೆ ನೆಲಮಾಳಿಗೆಯ ಮೆಟ್ಟಿಲ ಮೇಲೆ ಆ ಗೌನನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಳು. ಅಂಚಿನುದ್ದಕ್ಕೂ ಬೂಷ್ಟು ಹಿಡಿದಿತ್ತು. ಅವಳು ಅಳುತ್ತಿದ್ದಳು, ಸದ್ದಿಲ್ಲದೆ, ಮೂಗು ಕೂಡ ಒರೆಸಿಕೊಳ್ಳದೆ. ಎಲ್ಲರನ್ನೂ ನಗಿಸುವ ಹೆಂಗಸು ಅಳುವುದನ್ನು ನಾನು ಕಂಡದ್ದು ಅದೇ ಮೊದಲು.

ಅದೇ ಹೊತ್ತಿಗೆ ಬೇಕರಿಯವರು ಬೀದಿಯಲ್ಲಿ ಬಂದರು. ಮುಂದೆ ಹೋದವರು ನಿಂತು, ಹಿಂತಿರುಗಿ ನೋಡಿ, "ಏನಾಯ್ತು ಟೇಲರಮ್ಮ?" ಅಂದರು.

ಅತ್ತೆ ಗೌನಿನ ಅಂಚು ಎತ್ತಿ ತೋರಿಸಿದಳು. ಅವರು ಅದನ್ನು ಮೂಸಿ, ಕೆಳಗಿಳಿದು ಬಂದು, ನೇರ ಒಲೆಗೋಡೆಯ ಹತ್ತಿರ ಹೋದರು. ಜ್ವರದ ಮಗುವಿನ ಹಣೆ ಮುಟ್ಟುವ ಹಾಗೆ ಅಂಗೈ ಇಟ್ಟರು.

"ಇದನ್ನ ಇಷ್ಟು ತಣ್ಣಗೆ ನಾನು ಯಾವತ್ತೂ ಮುಟ್ಟಿಲ್ಲ" ಅಂದರು. "ಟೇಲರಮ್ಮ, ನಿಮ್ಮ ಬಟ್ಟೆ ಇಷ್ಟು ವರ್ಷ ಕಾಯ್ತಿದ್ದಿದ್ದು ನನ್ನ ಒಲೆ. ನನಗೂ ಗೊತ್ತಿರ್ಲಿಲ್ಲ ನೋಡಿ."

"ಹಾಗಾದ್ರೆ ಇಲ್ಲೊಂದು ಕೆಂಡದ ಒಲೆ ಹಾಕಿಬಿಡ್ತೀನಿ."

"ಅಯ್ಯೋ, ಬೇಡಿ! ಮುಚ್ಚಿದ ಕೋಣೇಲಿ ಕೆಂಡ ಇಟ್ರೆ ಹೊಗೆ ಕಾಣ್ಸಲ್ಲ, ಮೂಗಿಗೂ ಗೊತ್ತಾಗಲ್ಲ, ಮನುಷ್ಯ ಕೂತಲ್ಲೇ ಹೋಗಿಬಿಡ್ತಾನೆ. ಬೇರೆ ಏನಾದ್ರೂ ನೋಡೋಣ. ಹಿಟ್ಟಿನ ಮೂಟೆ ಕಾಪಾಡೋದಕ್ಕೆ ನಾನೂ ಮಳೆಗಾಲದಲ್ಲಿ ಒದ್ದಾಡಿದವನೇ."

"ನೋಡೋಣ" ಅಂದದ್ದನ್ನು ಅತ್ತೆ ಬಾಯಿಮಾತು ಅಂದುಕೊಂಡಳು. ಮಾರನೆಯ ಬೆಳಿಗ್ಗೆ ಅವರು ಗುದ್ದಲಿ ಹಿಡಿದು ಹಿತ್ತಲಲ್ಲಿ ನಿಂತಿದ್ದರು.

"ಒಳಗೆ ಒರೆಸಿ ಏನು ಪ್ರಯೋಜನ? ಮೊದಲು ನೀರು ಎಲ್ಲಿಂದ ಬರ್ತಿದೆ ನೋಡ್ಬೇಕು" ಅಂತ ಅವರು ಹಿತ್ತಲ ಗೋಡೆಯ ಬುಡದುದ್ದಕ್ಕೂ ಬಗ್ಗಿ ನಡೆದರು. ಹಿಂದೆಯೇ ಅತ್ತೆ. ಸೂರಿನ ನೀರು ಇಳಿಸುವ ಪೈಪು ಆಳೆತ್ತರದಲ್ಲಿ ತುಂಡಾಗಿ, ಮಹಡಿಯ ನೀರೆಲ್ಲ ಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಅಲ್ಲಿನ ಮಣ್ಣು ಗೋಡೆಯ ಕಡೆಗೇ ತಗ್ಗಾಗಿತ್ತು. ಇನ್ನೊಂದು ಕಡೆ ಓನರಮ್ಮನ ಹೂಕುಂಡಗಳು ಸಾಲಾಗಿ ಗೋಡೆಗೆ ಅಂಟಿಕೊಂಡಿದ್ದವು. ಅವರು ಬೆಳಿಗ್ಗೆ ಸಂಜೆ ತುಂಬಿದ ಕೊಡದಲ್ಲಿ ನೀರು ಹೊಯ್ಯುತ್ತಿದ್ದರು.

ಪೈಪು ಸುಲಭವಾಗಿ ಸರಿಹೋಯಿತು. ಹೊಸ ತುಂಡು ಜೋಡಿಸಿ ನೀರನ್ನು ದೂರದ ಚರಂಡಿಗೆ ತಿರುಗಿಸಿದರು. ಜೇಡಿಮಣ್ಣು, ಇಟ್ಟಿಗೆ ಚೂರು ಹಾಕಿ ಗೋಡೆಯ ಬುಡವನ್ನು ಎತ್ತರ ಮಾಡಿ, ನೀರು ಆಚೆ ಓಡುವ ಹಾಗೆ ಇಳಿಜಾರು ಕೊಟ್ಟರು. ಬೇಕರಿಯವರ ಭುಜ ನೋಯುತ್ತಿತ್ತು, ಆದ್ದರಿಂದ ಅಗೆದದ್ದೆಲ್ಲ ಅತ್ತೆಯೇ. ಮಹಡಿಯಿಂದ ಅಪ್ಪ ಅದನ್ನು ನೋಡುತ್ತಿದ್ದ. ಎರಡನೆಯ ದಿನ ತಡೆಯಲಾರದೆ ಇಳಿದು ಬಂದು ಅಕ್ಕನ ಕೈಯಿಂದ ಗುದ್ದಲಿ ಕಿತ್ತುಕೊಂಡ. "ಸೊಂಟ ಹಿಡ್ಕೊಂಡ್ರೆ ಆಮೇಲೆ ಎಣ್ಣೆ ತಿಕ್ಕೋದು ಯಾರು?" ಅಂತ ಗೊಣಗಿದ. ಮಾತು ಬಿಟ್ಟದ್ದು ಅಲ್ಲಿಗೆ ಮುಗಿಯಿತು.

ಕಷ್ಟವಾದದ್ದು ಹೂಕುಂಡ. ಓನರಮ್ಮನಿಗೆ ಅವು ಮಕ್ಕಳಿಗಿಂತ ಹೆಚ್ಚು.

"ನನ್ನ ಗಿಡ ಕುಡಿಯೋ ನೀರು ನಿಮ್ಮ ರಾಜನ ಕೋಟಿಗೆ ಹೋಗತ್ತೆ ಅಂದ್ರೆ ನಂಬೋ ಮಾತೇನ್ರೀ?" ಅಂತ ಅವರು ಸೊಂಟದ ಮೇಲೆ ಕೈಯಿಟ್ಟರು.

ಅತ್ತೆ ವಾದಕ್ಕೆ ನಿಲ್ಲಲಿಲ್ಲ. ಅವರ ಕೈಹಿಡಿದು ಕೆಳಗೆ ಕರೆದುಕೊಂಡು ಹೋದಳು. ಒಳಗೋಡೆಯ ಮೇಲೆ, ಪ್ರತಿ ಕುಂಡ ಇದ್ದ ಜಾಗಕ್ಕೆ ಸರಿಯಾಗಿ ಒಂದೊಂದು ಕಪ್ಪು ಕಲೆ ಇತ್ತು, ದೊಡ್ಡ ಕುಂಡಕ್ಕೆ ದೊಡ್ಡದು, ಸಣ್ಣದಕ್ಕೆ ಸಣ್ಣದು. ಓನರಮ್ಮ ಒಂದೊಂದೇ ಕಲೆಗೆ ಬೆರಳು ತೋರಿಸುತ್ತ, "ಇದು ಗುಲಾಬಿ... ಇದು ದಾಸವಾಳ..." ಅಂತ ಗುರುತಿಸಿದರು. ಕೊನೆಯದರ ಹತ್ತಿರ ನಗು ತಡೆಯಲಾಗಲಿಲ್ಲ ಅವರಿಗೆ. ಕುಂಡಗಳು ಕಾಂಪೌಂಡಿನ ಆ ಬದಿಗೆ ಹೋದವು.

ಆಮೇಲೆ ಒಳಗಿನ ಕೆಲಸ. ಅಪ್ಪನ ಆಯಿಲ್ ಪೇಂಟನ್ನು ಕೆರೆದು ತೆಗೆದರು. ಅಪ್ಪನೇ ಕೆರೆದ ಅನ್ನಿ. ಗೋಡೆ ಉಸಿರಾಡಲಿ ಅಂತ ಬರೀ ಸುಣ್ಣ ಹೊಡೆದರು. ಬಟ್ಟೆಯ ಸ್ಟ್ಯಾಂಡುಗಳನ್ನೆಲ್ಲ ಗೋಡೆಯಿಂದ ಒಂದು ಮೊಳ ಈಚೆ ಎಳೆದು, ಪೆಟ್ಟಿಗೆಗಳ ಕೆಳಗೆ ಇಟ್ಟಿಗೆ ಕೊಟ್ಟು ನೆಲ ಬಿಡಿಸಿದರು. ಕಲ್ಲುಪ್ಪನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಅಲ್ಲಲ್ಲಿ ನೇತುಹಾಕಿ ಕೆಳಗೊಂದು ಬಕೆಟ್ ಇಟ್ಟರು. ಉಪ್ಪು ಗಾಳಿಯ ಪಸೆ ಹೀರಿ ತೊಟ್ಟಿಕ್ಕುತ್ತಿತ್ತು. ಬಿಸಿಲು ಬಂದ ದಿನ ಆ ಉಪ್ಪನ್ನು ತಗಡಿನ ಮೇಲೆ ಹರಡಿ ಮಹಡಿಯಲ್ಲಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತಿತ್ತು. ಉಪ್ಪಿಗೆ ಬಗ್ಗದ ಮೂಲೆಗಳಲ್ಲಿ ಸುಟ್ಟ ಸುಣ್ಣದ ಕಲ್ಲನ್ನು ತಗಡಿನ ಡಬ್ಬದಲ್ಲಿಟ್ಟರು. ಅದಕ್ಕೆ ನೀರು ತಗುಲಿದರೆ ಕೊತಕೊತ ಕುದಿಯುತ್ತದೆ ಅಂತ ಅತ್ತೆ ಡಬ್ಬಗಳನ್ನು ಎತ್ತರದಲ್ಲಿಟ್ಟು, ಮಕ್ಕಳಿಗೆ ಆ ಕಡೆ ಹೋಗಕೂಡದು ಅಂತ ಕಟ್ಟಪ್ಪಣೆ ಮಾಡಿದ್ದಳು. ಕಲ್ಲು ಪಸೆ ಕುಡಿದು ಕುಡಿದು ತಾನೇ ಪುಡಿಯಾಗುತ್ತಿತ್ತು. ಆ ಪುಡಿ ಮುಂದಿನ ಸುಣ್ಣ ಬಳಿಯುವುದಕ್ಕೆ.

ಕಿಟಕಿ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಅನ್ನುವುದಕ್ಕೆ ಮಾತ್ರ ಇಬ್ಬರಿಗೂ ದೊಡ್ಡ ಚರ್ಚೆಯಾಯಿತು. ಅತ್ತೆ ತನ್ನ ಗಡ್ಡಗಳನ್ನು ನಂಬುತ್ತಿದ್ದಳು. "ಇದು ನೇರ ಇದ್ರೆ ಒಣಗಿದೆ ಅಂತ, ಸುರುಳಿ ಸುತ್ತಿದ್ರೆ ಪಸೆ ಇದೆ ಅಂತ. ಇದಕ್ಕಿಂತ ಇನ್ನೇನು ಬೇಕು?"

"ಒಳಗಿನ ಸಮಾಚಾರ ಗಡ್ಡ ಹೇಳತ್ತೆ, ಒಪ್ಪಿದೆ" ಅಂದರು ಬೇಕರಿಯವರು. "ಹೊರಗಿನ ಗಾಳಿ ಒಳಗೆ ಬಂದು ಏನ್ ಮಾಡತ್ತೆ ಅಂತ ಹೇಳಲ್ಲ. ಅದಕ್ಕೆ ನನ್ನ ಹತ್ರ ಒಂದು ಉಪಾಯ ಇದೆ."

ಅವರು ಒಂದು ಗಾಜಿನ ಲೋಟವನ್ನು ತಣ್ಣನೆ ಗೋಡೆಗೆ ತಾಗಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಅದನ್ನು ಎತ್ತಿಕೊಂಡು ಬೀದಿಗೆ ಬಂದು ಗಾಳಿಗೆ ಹಿಡಿದರು. ಕ್ಷಣದಲ್ಲಿ ಲೋಟಕ್ಕೆ ಮಂಜು ಕವಿಯಿತು. "ನೋಡಿ. ಈ ಗಾಳಿ ಒಳಗೆ ಬಿಟ್ರೆ ಗೋಡೆಗೂ ಹೀಗೇ ಆಗತ್ತೆ. ಇವತ್ತು ಮುಚ್ಚಿಡಿ. ಲೋಟ ತಿಳಿಯಾಗೇ ಇದ್ರೆ ಎರಡೂ ಕಿಟಕಿ ತೆಗೀರಿ, ಬೀದಿ ಕಡೆಯಿಂದ ಬಂದು ಹಿತ್ತಲ ಕಡೆ ಹೋಗ್ಲಿ."

ಸೆಕೆಯ ವಾರದಲ್ಲಿ ಅಷ್ಟೊಂದು ನೀರು ಎಲ್ಲಿಂದ ಬಂತು ಅನ್ನುವುದು ಆಗ ಅಪ್ಪನಿಗೆ ಅರ್ಥವಾಯಿತು. ಲೋಟವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ.

ಅಂದಿನಿಂದ ಬೇಕರಿಯವರು ದಿನಾ ಬೆಳಿಗ್ಗೆ ಬರುವುದು ರೂಢಿಯಾಯಿತು. ಮಾತಿಲ್ಲದೆ ಕೆಳಗಿಳಿದು, ಲೋಟ ತಂದು, ಬೀದಿಯಲ್ಲಿ ಹಿಡಿದು, "ಮುಚ್ಚಿ" ಅಥವಾ "ತೆಗೀರಿ" ಅಂತ ಒಂದು ಪದ ಹೇಳುವರು. ಅಷ್ಟರಲ್ಲಿ ಅತ್ತೆ ಚಹಾ ಮಾಡಿರುತ್ತಿದ್ದಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕುಡಿಯುವರು. ಮೊದಮೊದಲು ಅತ್ತೆ ಒಂದು ಮೆಟ್ಟಿಲು ಕೆಳಗೆ, ಅವರು ಒಂದು ಮೆಟ್ಟಿಲು ಮೇಲೆ. ಮಳೆ ಜೋರಾಗುವ ಹೊತ್ತಿಗೆ ಒಂದೇ ಮೆಟ್ಟಿಲಲ್ಲಿ ಕೂರತೊಡಗಿದ್ದರು, ಮೇಲಿಂದ ಎರಚಲು ಬರುತ್ತದೆ ಅಂತ ಕಾರಣ.

ಆ ವರ್ಷ ಮಳೆ ಹುಚ್ಚೆದ್ದು ಸುರಿಯಿತು. ಬೀದಿಯಲ್ಲಿ ನೀರು ನಿಂತು ಜನ ಚಪ್ಪಲಿ ಕೈಯಲ್ಲಿ ಹಿಡಿದು ಓಡಾಡಿದರು. ಅತ್ತೆ ಕಣ್ಣಲ್ಲಿ ಕಣ್ಣಿಟ್ಟು ಗೋಡೆ ಕಾದಳು. ಒಂದು ಮೂಲೆಯಲ್ಲಿ ಮಾತ್ರ ಅಂಗೈಯಗಲ ತೇವ ಕಂಡಿತು, ಅದೂ ಎರಡು ಬಿಸಿಲಿಗೆ ಆರಿತು. ಬೂಷ್ಟು ಮತ್ತೆ ಹಬ್ಬಲಿಲ್ಲ. ಹಳೆಯದನ್ನು ಅವಳು ಬಿಸಿಲಲ್ಲಿಟ್ಟು, ಮೆದು ಬ್ರಶ್ಶಿನಲ್ಲಿ ಉಜ್ಜಿ ತೆಗೆದಳು. ನೀಲಿ ಗೌನಿನ ಅಂಚು ಮಾತ್ರ ಉಳಿಯಲಿಲ್ಲ. ಅದನ್ನು ಕತ್ತರಿಸಿ ಬೇರೆ ಪಟ್ಟಿ ಕೊಟ್ಟಳು. ಬಣ್ಣ ಸರಿಯಾಗಿ ಕೂಡಲಿಲ್ಲ. "ರಾಣಿಗೂ ವಯಸ್ಸಾಯ್ತು, ಅಂಚಲ್ಲಿ ನರೆ ಬಂತು" ಅಂದಳು.

ಮಳೆ ನಿಂತ ಮೇಲೆ ಒಂದು ಸುದ್ದಿ ಬಂತು. ಹಳೇ ಥಿಯೇಟರಿನ ನಟರು ಬದುಕಿದ್ದವರೆಲ್ಲ ಸೇರಿ ಶಾಲೆಯ ಹಾಲಿನಲ್ಲಿ ಒಂದೇ ಒಂದು ಸಲ ತಮ್ಮ ಹಳೇ ನಾಟಕದ ದೃಶ್ಯಗಳನ್ನು ಆಡಬೇಕು ಅಂತ. ಅವರೆಲ್ಲ ವೇಷ ಹುಡುಕಿಕೊಂಡು ನೆಲಮಾಳಿಗೆಗೆ ಇಳಿದ ದಿನ ನಾನು ಕೆಲಸಕ್ಕೆ ರಜೆ ಹಾಕಿದ್ದೆ. ಎಂಥ ಗದ್ದಲ ಅದು! ರಾಜನ ಪಾತ್ರದವರಿಗೆ ನಿಲುವಂಗಿಯ ಗುಂಡಿ ಹೊಕ್ಕುಳ ಹತ್ತಿರ ಬರುತ್ತಲೇ ಇರಲಿಲ್ಲ. "ಬಟ್ಟೆ ಕುಗ್ಗಿದೆ ಟೇಲರಮ್ಮ, ಪಸೆಗೆ" ಅಂದರು ಅವರು, ಉಸಿರು ಬಿಗಿಹಿಡಿದು.

"ಪಸೆ ಬಟ್ಟೆಗೆ ಬಂದಿಲ್ಲ ಮಹಾರಾಜ, ನಿಮ್ಮ ಹೊಟ್ಟೆಗೆ ಬಂದಿದೆ" ಅಂದಳು ಅತ್ತೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಸೇನಾಪತಿ ಈಗ ಕೋಲೂರಿ ನಡೆಯುತ್ತಿದ್ದರು. ಆದರೆ ಕೋಟು ತೊಟ್ಟ ಕೂಡಲೇ ಬೆನ್ನು ತಾನಾಗಿ ನೆಟ್ಟಗಾಯಿತು. ಕೊನೆಗೆ ರಾಣಿಯ ಪಾತ್ರದವರು ಬಂದರು. ಬಿಳಿ ಕೂದಲು, ಸಣ್ಣ ಮೈ. ಅವರು ಸ್ಟ್ಯಾಂಡಿನಲ್ಲಿದ್ದ ನೀಲಿ ಗೌನನ್ನು ಕಂಡು ಅಲ್ಲೇ ನಿಂತುಬಿಟ್ಟರು. "ಇದನ್ನ ಇಟ್ಟಿದ್ದೀಯಾ?" ಅಂದರು. ಅತ್ತೆ ಅದನ್ನು ಅವರ ತಲೆಯ ಮೇಲಿಂದ ಇಳಿಸಿ, ಬೆನ್ನಿನ ಕಡೆ ನಿಂತು ಎರಡೂ ಬದಿ ಹಿಡಿದು ಕಚ್ಚಾ ಹೊಲಿಗೆ ಹಾಕುತ್ತ ಬಂದಳು. ಈಗ ಅದು ಅವರಿಗೆ ದೊಗಳೆ. ಬೇಕರಿಯವರು ಬಾಗಿಲ ಹತ್ತಿರ ನಿಂತು ಬೇರೆ ಕಡೆ ನೋಡುತ್ತಿದ್ದರು.

ಪ್ರದರ್ಶನದ ಸಂಜೆಯನ್ನು ನಾನು ಮರೆಯುವ ಹಾಗಿಲ್ಲ. ರಾಜರಿಗೆ ಮಾತು ಮರೆತಾಗ ಮುಂದಿನ ಸಾಲಿನ ಮುದುಕರೆಲ್ಲ ಒಟ್ಟಿಗೇ ಹೇಳಿಕೊಟ್ಟರು. ಪರದೆ ಬಿದ್ದ ಮೇಲೆ ನಟರು ಅತ್ತೆಯನ್ನು ವೇದಿಕೆಗೆ ಎಳೆದುಕೊಂಡು ಬಂದರು. ಅಷ್ಟು ವರ್ಷ ಪಕ್ಕದ ಮರೆಯಲ್ಲಿ ನಿಂತವಳಿಗೆ ಬೆಳಕಿನಲ್ಲಿ ಕೈ ಎಲ್ಲಿಡಬೇಕು ತೋಚದೆ, ಕುತ್ತಿಗೆಗೆ ಹಾಕಿಕೊಂಡಿದ್ದ ಅಳತೆ ಪಟ್ಟಿಯನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಅಪ್ಪ ಎದ್ದು ನಿಂತು, ಎಲ್ಲರೂ ನಿಲ್ಲಿಸಿದ ಮೇಲೂ ಚಪ್ಪಾಳೆ ಹೊಡೆಯುತ್ತಲೇ ಇದ್ದ.

ಮನೆಗೆ ಬರುವಾಗ ಬೇಕರಿಯವರು ಅತ್ತೆಯ ಪಕ್ಕ ನಡೆಯುತ್ತಿದ್ದರು. ನಾನು ಸ್ವಲ್ಪ ಹಿಂದಿದ್ದೆ. ಅವರು ಹೇಳಿದ್ದು ಕೇಳಿಸಿತು: "ಟೇಲರಮ್ಮ, ದಿನಾ ಬೆಳಿಗ್ಗೆ ಅಲ್ಲಿಂದ ಇಲ್ಲಿಗೆ ಬರೋದು, ಚಹಾ ಕುಡಿದು ಹೋಗೋದು... ಭುಜದ ಜೊತೆ ಮಂಡಿನೂ ನೋಯ್ತಿದೆ ಈಗ. ಒಂದೇ ಮನೇಲಿ ಇದ್ರೆ ನಡೆಯೋದು ಉಳಿಯತ್ತೆ ಅನ್ಸತ್ತೆ."

ಅತ್ತೆ ಕುತ್ತಿಗೆಯ ಅಳತೆ ಪಟ್ಟಿಯನ್ನು ಬಿಚ್ಚಿ ಬೆರಳಿಗೆ ಸುತ್ತಿಕೊಳ್ಳುತ್ತ, "ಸೊಂಟದ ಅಳತೆ ಕೊಡ್ಬೇಕಾಗತ್ತೆ" ಅಂದಳು.

ಅಪ್ಪ ಅವತ್ತು ಪೇಪರು ಅಡ್ಡ ಹಿಡಿಯಲಿಲ್ಲ. ಅಮ್ಮ ಸ್ವಲ್ಪ ಮೂಗು ಮುರಿದಳು, ಜನ ಏನಂದುಕೊಳ್ಳುತ್ತಾರೆ ಅಂತ. ಓನರಮ್ಮ ಜನರ ಪರವಾಗಿ ತಾವೇ ಉತ್ತರ ಕೊಟ್ಟರು: "ಏನೂ ಅನ್ಕೊಳಲ್ಲ. ಬೀದಿಯವ್ರೆಲ್ಲ ಯಾವಾಗ ಅಂತ ಕಾಯ್ತಿದ್ರು." ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾಯಿತು. ಮದುಮಗನ ಕೋಟನ್ನು ಅತ್ತೆ ಹೊಸದಾಗಿ ಹೊಲಿದಿದ್ದಳು, ನೋಯುವ ಭುಜದ ಕಡೆ ಒಂಚೂರು ಸಡಿಲ ಬಿಟ್ಟು.

ಆಮೇಲೆ ಹಲವು ಮಳೆಗಾಲ ಅವರು ಆ ಬಟ್ಟೆಗಳನ್ನು ಜೊತೆಯಾಗಿ ಕಾದರು. ಇಬ್ಬರಿಗೂ ಮೆಟ್ಟಿಲು ಇಳಿಯುವುದು ಕಷ್ಟವಾದಾಗ, ನಾಟಕ ಕಲಿಸುವ ಒಂದು ಶಾಲೆಯವರು ಬಂದು ಎಲ್ಲವನ್ನೂ ಕೇಳಿ ಪಡೆದರು. ಅವರ ಉಗ್ರಾಣ ಒಳ್ಳೆಯ ಮಹಡಿಯಲ್ಲಿತ್ತು. ಗಾಡಿ ಹೊರಟಾಗ ಅತ್ತೆ ಅಳುತ್ತಾಳೆ ಅಂತ ನಾವೆಲ್ಲ ಸುತ್ತ ನಿಂತಿದ್ದೆವು. ಅವಳು ಅಳಲಿಲ್ಲ. "ತೊಡೋ ಮೈ ಸಿಕ್ತು ಅವಕ್ಕೆ" ಅಂದು ಕೈ ಬೀಸಿದಳು.

ಖಾಲಿಯಾದ ನೆಲಮಾಳಿಗೆಯನ್ನು ಏನು ಮಾಡುವುದು ಅಂತ ಯಾರೂ ಯೋಚಿಸಿರಲಿಲ್ಲ. ಆ ಬೇಸಿಗೆ ಮಹಡಿಯ ಮನೆಗಳು ಕಾದ ಬಾಣಲೆಯ ಹಾಗಾದವು. ಕೆಳಗಿನ ಕೋಣೆ ಒಣಗಿ, ತಂಪಾಗಿ, ಸುಣ್ಣದ ಬೆಳಕಲ್ಲಿ ತಿಳಿಯಾಗಿತ್ತು. ಮೊದಲು ಅತ್ತೆ, ಈಗ ನಮಗೆ ಮಾವನಾಗಿದ್ದ ಬೇಕರಿಯವರು, ಇಬ್ಬರೂ ಮೆಲ್ಲಗೆ ಗೋಡೆ ಹಿಡಿದು ಇಳಿದು, ಎರಡು ಕುರ್ಚಿ ಹಾಕಿಸಿಕೊಂಡು ಕೂತರು. ಮಾರನೆಯ ದಿನ ಅಮ್ಮ ಚಾಪೆ ತಂದಳು. ಓನರಮ್ಮ, "ಈ ಗುಂಡಿಗೆ ನಾನು ಕಾಲಿಡಲ್ಲ" ಅನ್ನುತ್ತಲೇ ದಿಂಬು ಕಂಕುಳಲ್ಲಿ ಹಿಡಿದು ಬಂದರು. ಮಧ್ಯಾಹ್ನವಾದರೆ ಕಟ್ಟಡದವರೆಲ್ಲ ಅಲ್ಲಿ. ಯಾರೋ ಬಟಾಣಿ ಬಿಡಿಸುವರು, ಯಾರೋ ಗೊರಕೆ ಹೊಡೆಯುವರು. ಅಷ್ಟರಲ್ಲಿ ನನಗೂ ಮದುವೆಯಾಗಿತ್ತು. ರಜೆಯ ದಿನಗಳಲ್ಲಿ ನನ್ನ ಮಗಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು, ಆ ತಣ್ಣನೆಯ ನೆಲಕ್ಕೆ ಬೆನ್ನು ಕೊಟ್ಟು, ಹಿರಿಯರ ಮಾತು ಕೇಳುತ್ತ ನಿದ್ದೆಹೋಗುತ್ತಿದ್ದೆ. ಮಾವ ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ನಡುವೆ ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದರು. ಆ ನಡುವಿನ ಹೊತ್ತನ್ನು ಅತ್ತೆ ತುಂಬುತ್ತಿದ್ದಳು.